ಕೋಟಿನ ಮಡಿಲು

ಚಲುವಯ್ಯ ಮಾವ ಊಟಕ್ಕೆ ಕುಳಿತರೆ ಎಲೆಯ ಮೇಲಿನ ಮುದ್ದೆ ಎರಡು ಹೋಳಾಗುತ್ತಿತ್ತು; ಒಂದು ಹೋಳು ಬಾಯಿಗೆ, ಇನ್ನೊಂದು ಕೋಟಿನ ಜೇಬಿಗೆ. ಹಸಿವು ಎಷ್ಟೇ ಇರಲಿ, ಸಾರು ಎಷ್ಟೇ ರುಚಿಯಾಗಿರಲಿ, ಬಡಿಸಿದವರು ಎದುರಿಗೇ ನಿಂತಿರಲಿ, ಈ ವಿಭಜನೆ ತಪ್ಪುತ್ತಿರಲಿಲ್ಲ. ನೋಡಿದವರಿಗೆ ಕಳ್ಳತನವೆನಿಸುತ್ತಿದ್ದ ಆ ಕ್ರಿಯೆಯಲ್ಲಿ ಅವನ ಮುಖಕ್ಕೆ ಮಾತ್ರ ದೇವರಿಗೆ ಎಡೆ ತೆಗೆದಿಡುವವನ ನಿರ್ವಿಕಾರ ಗಾಂಭೀರ್ಯವಿರುತ್ತಿತ್ತು.

ಕೋಟು ಖಾಕಿಯದು, ಯುದ್ಧ ಮುಗಿದ ಮೇಲೆ ದಂಡಿನವರು ತೊಡಿಸಿ ಕಳಿಸಿದ್ದು. ಹಿರೀಸಾವೆಯ ಬಿಸಿಲಿನಲ್ಲಿ, ರಸ್ತೆ ಕೆಲಸದ ಡಾಂಬರು ಕುದಿಯುವ ಡ್ರಮ್ಮಿನ ಪಕ್ಕದಲ್ಲಿ ನಿಂತರೂ ಅದರ ಗುಂಡಿ ಬಿಚ್ಚಿದವನಲ್ಲ. ನಡಿಗೆಯೂ ವಿಚಿತ್ರ: ಒಣಗಿದ ಹೆದ್ದಾರಿಯಲ್ಲಿಯೂ ಮೊಣಕಾಲುದ್ದ ಕೆಸರಿನಿಂದ ಪಾದ ಕಿತ್ತುಕೊಂಡಂತೆ ಎತ್ತಿ ಎತ್ತಿ ಇಡುತ್ತಿದ್ದ. ಆ ರಸ್ತೆಯ ಗ್ಯಾಂಗಿನಲ್ಲಿ ಅವನು ಕೂಲಿ. ರಸ್ತೆ ದುರಸ್ತಿ ನೋಡಿಕೊಳ್ಳುವ ಚನ್ನರಾಯಪಟ್ಟಣದ ಮರಾಮತ್ ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತ, ಎಂದರೆ ಮೇಲಿನವರು ಕೆಮ್ಮಿದರೂ ಕೆಲಸ ಹೋಯಿತೆಂದು ಉಸಿರು ಬಿಗಿಹಿಡಿಯುವ ಪ್ರಾಣಿ. ನಮ್ಮ ಕೇರಿಯಲ್ಲಿ ಮೊದಲು ಪ್ಯಾಂಟು ತೊಟ್ಟವನೆಂಬ ಕೀರ್ತಿ ನನ್ನದು; ಅದನ್ನು ಸೊಂಟದಲ್ಲಿ ನಿಲ್ಲಿಸಿಕೊಳ್ಳುವುದೇ ದಿನದ ಅರ್ಧ ಕೆಲಸವಾಗಿತ್ತು.

ಮಾವ ರಸ್ತೆ ಮಾಡುವ ದಂಡಿಗೆ ಸೇರಿ ಹಡಗು ಹತ್ತಿದ್ದು, ಮಲಯದಲ್ಲಿ ಸೆರೆಸಿಕ್ಕಿದ್ದು, ಯಾವುದೋ ದ್ವೀಪದಲ್ಲಿ ವರ್ಷಗಟ್ಟಲೆ ಮಣ್ಣು ಹೊತ್ತಿದ್ದು ಊರಿಗೆಲ್ಲ ಗೊತ್ತು. ಉಳಿದದ್ದು ಯಾರಿಗೂ ಗೊತ್ತಿಲ್ಲ. ರುದ್ರಪಟ್ಟಣದ ಕಡೆಯ ಬೈರಯ್ಯನೆಂಬ ಜೊತೆಗಾರ ಅಲ್ಲಿಯೇ ತೀರಿಕೊಂಡನೆಂದು ಕೇಳಿದ್ದ ನಾನು ಒಮ್ಮೆ, ಬುದ್ಧಿವಂತನೆಂಬ ಭ್ರಮೆಯಲ್ಲಿ, ಕಾಯಿಲೆಯೇನೆಂದು ವಿಚಾರಿಸಿದೆ. ಮಾವ ಜಲ್ಲಿಯ ಬುಟ್ಟಿಯನ್ನು ಕೆಳಗಿಳಿಸಿದ.

"ಕಾಯ್ಲೆ ಏನಿಲ್ಲ ಕಣ್ಲಾ. ಅವತ್ತಿಂದ್ನ ಅವತ್ತೇ ತಿಂದ್ಬುಡ್ತಿದ್ದ," ಎಂದ.

ಮಾವನ ಹೆಂಡತಿ ಸಣ್ಣಕ್ಕ ಏನನ್ನೂ ಕೇಳಿದವಳಲ್ಲ. ಸೂರಿನ ಗಳುಗಳ ಸಂದಿಯಲ್ಲಿ, ಒನಕೆಯ ಮೂಲೆಯಲ್ಲಿ ಕಲ್ಲಾಗಿದ್ದ ಮುದ್ದೆಗಳನ್ನು ಹುಡುಕಿ ತೆಗೆದು ಕೋಳಿಗೆ ಹಾಕುತ್ತಿದ್ದಳು; ಅವನ ಪಾಲಿಗೆ ಒಂದು ಮುದ್ದೆ ಹೆಚ್ಚೇ ತೊಳಸುತ್ತಿದ್ದಳು. ಸಂಸಾರ ಹಾಗೆಯೇ ಸಾಗುತ್ತಿತ್ತೇನೋ. ಆದರೆ ಮಗಳು ಮಲ್ಲಿಗಮ್ಮ ಮದುವೆಯ ವಯಸ್ಸಿಗೆ ಬಂದಳು. ಬುದ್ಧಿ ಸ್ತಿಮಿತವಿಲ್ಲದವನ ಮಗಳೆಂದು ಬಂದ ಸಂಬಂಧಗಳು ಬಾಗಿಲಲ್ಲೇ ತಿರುಗಿದವು. ಕೊನೆಗೆ ಐವತ್ತೊಂಬತ್ತನೆಯ ಇಸವಿಯಲ್ಲಿ ಅರಕಲಗೂಡಿನ ಕಡೆಯ ಹೊನ್ನಕ್ಕನೆಂಬ ವಿಧವೆ ತನ್ನ ಮಗನಿಗೆ ಹೆಣ್ಣು ಒಪ್ಪಿ, ಮನೆ ನೋಡಲು ಬನ್ನಿರೆಂದು ಹೇಳಿಕಳಿಸಿದಳು.

ನಮ್ಮಲ್ಲಿ ಮನೆ ನೋಡುವ ಶಾಸ್ತ್ರದ ತಿರುಳೆಲ್ಲ ಊಟದಲ್ಲಿದೆ. ಗಂಡಿನ ಮನೆಯಲ್ಲಿ ಬಡಿಸಿದ್ದನ್ನು ಹೆಣ್ಣಿನ ತಂದೆ ಉಂಡರೆ ಸಂಬಂಧ ಒಪ್ಪಿಗೆ. ಉಣ್ಣದೆ ಎದ್ದರೆ ಒಲ್ಲೆನೆಂದು ಅರ್ಥ. ಬಾಯಿಬಿಟ್ಟು ಬೇಡವೆನ್ನುವ ಮುಜುಗರ ಇಬ್ಬರಿಗೂ ತಪ್ಪಲೆಂದು ಹಿರಿಯರು ಕಂಡುಕೊಂಡ ಉಪಾಯ. ಹೊರಡುವ ಬೆಳಿಗ್ಗೆ ಕೋಟು ಬಿಟ್ಟು ಬಾ ಎಂದು ಸಣ್ಣಕ್ಕ ಅಂಗಲಾಚಿದಳು, ಮಾವ ಕೇಳಲಿಲ್ಲ. ಆಗ ಅವಳು ನನ್ನನ್ನು ಅವನ ಮಗ್ಗುಲಿಗೆ ಕೂರಲು, ಅವನ ಕೈ ಕಾಯಲು ನೇಮಿಸಿದಳು. ಓದಿದವನೆಂಬ ಕಾರಣಕ್ಕೆ ದೊರೆತ ಹುದ್ದೆ. ಹೊಳೆನರಸೀಪುರದಲ್ಲಿ ನಾವು ಮೂವರೂ ಬಸ್ಸು ಬದಲಿಸುವಾಗಲೂ ನಾನು ಎಚ್ಚರದಿಂದಿದ್ದೆ. ಹೊನ್ನಕ್ಕನ ಮನೆಯಲ್ಲಿ ಕೋಳಿಸಾರಿನ ಘಮ ಬಂದಮೇಲೆ ನನ್ನ ಎಚ್ಚರದ ಬಗ್ಗೆ ಹೇಳಿಕೊಳ್ಳುವಂಥದೇನೂ ಉಳಿಯಲಿಲ್ಲ.

ಮೂಳೆಯಿಂದ ತಲೆಯೆತ್ತಿದಾಗ ಮಾವನ ಎಲೆಯಲ್ಲಿ ಮುದ್ದೆಯೇ ಇರಲಿಲ್ಲ. ಊರು ಹೊಸದು, ಜನ ಹೊಸಬರು. ಆ ದಿಗಿಲಿಗೆ ಅರ್ಧದ ಬದಲು ಇಡಿಯ ಮುದ್ದೆಯೇ ಜೇಬಿಗಿಳಿದಿತ್ತು. ಸಾರಿಗೆ ಅವನು ಬೆರಳೂ ತಾಗಿಸಿರಲಿಲ್ಲ. ಎದುರಿಗಿದ್ದ ಹುಚ್ಚಯ್ಯ, ಗಂಡಿನ ಸೋದರಮಾವ, ಎಲ್ಲವನ್ನೂ ನೋಡಿದ್ದ.

"ಒಂದು ತುತ್ತೂ ಬಾಯ್ಗಿಡ್ಲಿಲ್ವಲ್ಲ ಸಾ ಇವ್ರು," ಎಂದು ನನ್ನನ್ನೇ ಕೇಳಿದ. "ನಮ್ಮನೆ ಮುದ್ದೆ ಜೇಬಿಗಾಕೊಂಡು ಓಗಿ ದಾರೀಲಿ ನಾಯ್ಗೆ ಆಕ್ತಾರಾ? ಒಲ್ಲೆ ಅನ್ನೋದಿದ್ರೆ ಒಲ್ಲೆ ಅಂತ ಎದ್ದೋಗ್ಲಿ."

ಎಲ್ಲರೂ ಪ್ಯಾಂಟು ತೊಟ್ಟವನ ಕಡೆಗೆ ನೋಡಿದರು. ಕಚೇರಿಯಲ್ಲಿ ದೀರ್ಘವಾದ ಸಮಜಾಯಿಷಿಗಳನ್ನು ನಕಲು ಮಾಡುವುದೇ ನನ್ನ ಉದ್ಯೋಗ. ಆಗ ಮಾತ್ರ ಎಡಗೈಯಿಂದ ಪ್ಯಾಂಟನ್ನು ಮೇಲೆಳೆದುಕೊಂಡೆ. ಗೋಡೆಯ ಪಕ್ಕದಲ್ಲಿ ಸಣ್ಣಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಗಳ ಮದುವೆ ಮುರಿಯಿತೆಂದು ಅವಳು ಆಗಲೇ ತೀರ್ಮಾನಿಸಿದ್ದಂತಿತ್ತು.

ಮಾವ, ಸೌಟು ಹಿಡಿದು ನಿಂತಿದ್ದ ಹೊನ್ನಕ್ಕನತ್ತ ತಿರುಗಿ, "ತಿಂದ್ರೆ ಮುಗುದೋಯ್ತದೆ ಕಣವ್ವ," ಎಂದ.

ಹೊನ್ನಕ್ಕ ಅವನನ್ನೂ ಕೋಟನ್ನೂ ನೋಡಿದಳು. ಸೌಟು ಇಟ್ಟು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮೊರವಿತ್ತು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅಚ್ಚುಬೆಲ್ಲ, ವೀಳ್ಯದೆಲೆ. ತವರಿನಿಂದ ಹೊರಡುವ ಹೆಣ್ಣುಮಕ್ಕಳ ಸೆರಗಿಗೆ ತುಂಬುವ ಮಡಿಲಕ್ಕಿ.

"ಕೋಟು ಒಡ್ಡಣ್ಣ," ಎಂದಳು. "ಕೊಟ್ಟುದ್ದ ಕದ್ದಂಗೆ ಯಾಕೆ ಒಯ್ತೀಯೆ?"

ಹುಚ್ಚಯ್ಯನಿಗೆ ನಗು ಬಂತು. "ಗಂಡಸ್ಗೆ ಮಡ್ಲಕ್ಕಿ ತುಂಬ್ತಾರೇನಕ್ಕ?"

"ದೂರ ಓಗೋರ್ಗೆ ತುಂಬ್ತಾರೆ. ಈವಣ್ಣ ಎಷ್ಟು ದೂರ ಓಗಿದ್ನೋ ನಿಂಗೆ ಗೊತ್ತೇನ್ಲಾ?"

ಮಾವ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಎರಡು ಅಂಚುಗಳನ್ನು ಹಿಡಿದು ಸೆರಗಿನಂತೆ ಒಡ್ಡಿದ. ಹೊನ್ನಕ್ಕ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದು, ಕಾಯಿಬೆಲ್ಲವಿಟ್ಟು, ಅಂಚನ್ನು ತಾನೇ ಗಂಟು ಹಾಕಿದಳು. ಆ ಭಾರವನ್ನು ಅವನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಜೇಬಿನಿಂದ ಮುದ್ದೆಯನ್ನು ತೆಗೆದು, ಅಂಟಿದ್ದ ನೂಲಿನ ಎಳೆಯನ್ನು ಬಿಡಿಸಿ, ಎಲೆಯ ಮೇಲಿಟ್ಟು, ಮುರಿದು ಮುರಿದು ಸಾರಿನಲ್ಲದ್ದಿ ಪೂರ್ತಿ ನುಂಗಿದ. ಇಡಿಯ ಮುದ್ದೆ ಅವನ ಹೊಟ್ಟೆ ಸೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬೀಗ್ರಿಗೆ ಇನ್ನೊಂದು ಮುದ್ದೆ ತನ್ನಿ," ಎಂದು ಹೊನ್ನಕ್ಕ ಒಳಗಿನವರಿಗೆ ಹೇಳಿದಳು. ಬೀಗರೆಂಬ ಆ ಮಾತಿನಿಂದ ಸಂಬಂಧ ಗಟ್ಟಿಯಾಯಿತು. ಹುಚ್ಚಯ್ಯನೇ ಎದ್ದು ತಂದು ಬಡಿಸಿದ.

ಮಾವ ಗುಣವಾದನೆಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದಮೇಲೂ ಮುದ್ದೆ ಹೋಳಾಗುತ್ತಲೇ ಇತ್ತು. ಆದರೆ ಯಾರ ಮನೆಗೆ ಹೋದರೂ ಹೊರಡುವಾಗ ಅವನ ಕೋಟಿಗೆ ಇಷ್ಟು ಅಕ್ಕಿ ಸುರಿಯುವುದು ಕೇರಿಯಲ್ಲಿ ರೂಢಿಯಾಗಿ, ಅದನ್ನು ನೋಡಿ ನಗುವವರೂ ಇಲ್ಲದೆ, ಕಾಲಕ್ರಮೇಣ ಜೇಬಿನ ಪಾಲು ನೆಲ್ಲಿಕಾಯಿಯಷ್ಟಕ್ಕೆ ಇಳಿಯಿತು. ಅರವತ್ತೈದನೆಯ ಇಸವಿಯಲ್ಲಿ ಹಿರೀಸಾವೆಯ ಹೋಟೆಲಿನ ರೇಡಿಯೊ ಯುದ್ಧದ ಸುದ್ದಿ ಹೇಳಿದ ದಿನ ಮತ್ತೆ ಇಡಿಯ ಮುದ್ದೆ ಜೇಬು ಸೇರಿತು. ಯಾರೂ ತಡೆಯಲಿಲ್ಲ. ಸುದ್ದಿ ತಿಳಿದ ಹೊನ್ನಕ್ಕ ಮಗನ ಕೈಯಲ್ಲಿ ಅಕ್ಕಿ ಕಳಿಸಿದಳು.

ದಂಡಿನಿಂದ ಮರಳಿದವರು ಬಸ್ಸಿಳಿದ ದಿನವೇ ಮನೆ ಸೇರಿದರೆಂದು ನಾವು ತಿಳಿದುಬಿಡುತ್ತೇವೆ. ಅಂಥವರು ಅಷ್ಟು ಬೇಗ ಬರುವವರಲ್ಲ. ವರ್ಷಕ್ಕೆ ಇಷ್ಟಿಷ್ಟೇ ಬರುತ್ತಾರೆ. ಬಂದ ದಾರಿಯನ್ನೆಲ್ಲ ಒಂದು ಸುದ್ದಿಗೆ ಹಿಂದಕ್ಕೂ ನಡೆಯುತ್ತಾರೆ. ಮನೆಯಲ್ಲಿರುವವರಿಗೆ ಉಳಿಯುವ ಕೆಲಸವೆಂದರೆ ಅವರಿಗೆ ಎರಡು ಸಲ ಬಡಿಸುವುದು: ಒಮ್ಮೆ ಇವತ್ತಿಗೆ, ಇನ್ನೊಮ್ಮೆ ಅವರಿನ್ನೂ ನಂಬದ ನಾಳೆಗೆ.