ಶೇಗಡಿಯ ಮೇಲಿಟ್ಟ ಕಾಲು

"ತಗೀರಿ ಆ ಕಾಲು! ಚರ್ಮ ಸುಟ್ಟ ವಾಸನಿ ಬರಾಕತ್ತೈತಿ!" ರುಕ್ಮವ್ವ ಕೆಂಡದ ಶೇಗಡಿಯನ್ನು ಸರಕ್ಕನೆ ಎಳೆದಳು.

"ಒದರಬ್ಯಾಡ! ನನಗಿನ್ನೂ ಬೆಚ್ಚಗನ ಆಗಿಲ್ಲ!" ಗಂಡ ಗಂಗಪ್ಪ ಗದರಿಸಿದ.

ಅವನ ಹೆಬ್ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಗಂಗಪ್ಪ ಕಮರಿಪೇಟೆಯ ನೇಕಾರ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುವವನು. ಆ ಕಾಲಿನಿಂದಲೇ ಮನೆಯ ಒಲೆ ಉರಿಯಬೇಕು. ಈಚೆಗೆ ಬಲಪಾದ ಸದಾ ತಣ್ಣಗಿರುತ್ತಿತ್ತು. ಕುಣಿಯ ಥಂಡಿ ಏರಿದೆ ಎಂದುಕೊಂಡು ದಿನವೂ ಕೆಂಡಕ್ಕೆ ಹಿಡಿಯುತ್ತಿದ್ದ. ಬಾಯಲ್ಲಿ ಬೀಡಿ.

ಕೂಗಾಟ ಕೇಳಿ ಪಕ್ಕದ ಮನೆಯ ಗೌಸಮೊದ್ದೀನ ಊರುಗೋಲು ಊರುತ್ತ ಬಂದ. ಅವನ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು.

"ಗಂಗಪ್ಪ, ಪ್ಯಾಟಿಗೆ ನಡದ್ರ ಮೊಣಕಾಲ ಕೆಳಗಿನ ಮೀನಗಂಡ ಹಿಡೀತೈತಿ, ನಿಂತ್ರ ಬಿಡತೈತಿ. ಹೌದಲ್ಲೋ?"

"ವಯಸ್ಸಾತು, ಹಿಡೀತೈತಿ."

"ವಯಸ್ಸಲ್ಲೋ, ಕುಣಿ ಥಂಡಿನೂ ಅಲ್ಲ. ಬೀಡಿ ಹೊಗಿಗೆ ಕಾಲಿಗೆ ರಕ್ತ ಒಯ್ಯೂ ನಾಳ ಮುಚ್ಚಾಕತ್ತಾವ. ನಂದೂ ಹಿಂಗ ಸುರು ಆತು. ರಕ್ತ ಬರದ ಕಾಲಿಗೆ ಸುಟ್ಟಿದ್ದು ತಿಳಿಯಂಗಿಲ್ಲ, ಗಾಯ ಮಾಯಂಗಿಲ್ಲ. ಮದಲ ಆ ಬೀಡಿ ಒಗಿ."

"ನಮ್ಮಪ್ಪ ಸಾಯೂತನಾ ಸೇದಿದ. ಎರಡೂ ಕಾಲು ತಗೊಂಡ ಹ್ವಾದ."

"ತನ್ನ ಕಾಲು ನಿನಗ ಬಿಟ್ಟು ಹೋಗ್ಯಾನೇನು?"

"ಒಂಟಿಗಾಲವಗ ಜೋಡಿ ಬೇಕಾಗೇತಿ!"

ಗೌಸಮೊದ್ದೀನನ ಮುಖ ಬಾಡಿತು. "ಜೋಡಿ ಬ್ಯಾಡಂತನ ಬಂದೇನೋ, ಮಾರಾಯ."

ಬೊಬ್ಬೆ ಒಡೆಯಿತು, ಮಾಯಲಿಲ್ಲ. ಬೆರಳು ಕಪ್ಪಾಯಿತು. ಆಗ ರುಕ್ಮವ್ವ ಗಂಡನನ್ನು ಟಾಂಗಾದಲ್ಲಿ ದವಾಖಾನೆಗೆ ಎಳೆದೊಯ್ದಳು. ಡಾಕ್ಟರು ಅವನ ಕೆರ ಬಿಚ್ಚಿಸಿ, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ.

"ಇವತ್ತ ದಾಖಲಾಗ್ರಿ. ಬೆರಳು ಉಳಿಯೂದಿಲ್ಲ, ಕತ್ತರಿಸಬೇಕು. ಬೀಡಿ ಪೂರಾ ಬಿಟ್ರ ಪಾದ ಉಳಿದೀತು. ಅದೂ ಖಾತ್ರಿ ಇಲ್ಲ."

"ಆಗಲ್ರಿ, ಮಾಡ್ರಿ," ಎಂದಳು ರುಕ್ಮವ್ವ.

ಗಂಗಪ್ಪ ಎದ್ದು ನಿಂತ. "ಕಡೀದೊಂದು ಸೇದಿ ಬರ್ತೇನಿ."

"ಬ್ಯಾಡ್ರಿ, ಕುಂದರ್ರಿ!"

ಅವನು ಬರಿಗಾಲಲ್ಲೇ ಕುಂಟುತ್ತ ಬಾಗಿಲು ದಾಟಿದ.

ಅಣ್ಣಗಳಿರಾ, ಅಕ್ಕಗಳಿರಾ, ನಡೆದರೆ ನಿಮ್ಮ ಕಾಲಿನ ಮೀನಖಂಡ ಹಿಡಿಯುತ್ತದೆಯೇ? ಪಾದ ತಣ್ಣಗಿದೆಯೇ? ಬೆರಳಿನ ಗಾಯ ಮಾಯುತ್ತಿಲ್ಲವೇ? ಹಾಗಿದ್ದರೆ ಕೆಂಡ ಬೇಡ, ಕಾದ ಇಟ್ಟಂಗಿ ಬೇಡ. ಬಟ್ಟೆ ಸುತ್ತಿ ಬೆಚ್ಚಗಿಡಿ. ಬರಿಗಾಲಲ್ಲಿ ತಿರುಗಬೇಡಿ. ಬೆರಳು ಕಪ್ಪಾಗುವ ಮುಂಚೆ ಡಾಕ್ಟರಿಗೆ ತೋರಿಸಿ. ಬೀಡಿಯನ್ನು ಈಗಲೇ ಬಿಸಾಡಿ, ಕಡೆಯದೊಂದು ಎನ್ನಬೇಡಿ.

ದೀಪ ಹಚ್ಚುವ ಹೊತ್ತಿನವರೆಗೂ ರುಕ್ಮವ್ವ ಅವನ ಕೆರ ಹಿಡಿದುಕೊಂಡು ದವಾಖಾನೆಯ ಬಾಗಿಲಲ್ಲಿ ಕುಳಿತಿದ್ದಳು. ಗಂಗಪ್ಪ ಬರಲಿಲ್ಲ. ನೀವು ಹಾಗೆ ಚಿಕಿತ್ಸೆ ಬಿಟ್ಟು ಎದ್ದು ಹೋಗಬೇಡಿ.