ಮಲ್ಲಿಕಸಾಬರ ದುರ್ಬೀನು

ಸವಣೂರಿನ ನಮ್ಮ ಓಣಿಯಲ್ಲಿ ಈದ್‌ನ ಚಾಂದ, ಹಬ್ಬ ತರುವ ಎಳೆ ಚಂದ್ರ, ಮೊದಲು ಕಾಣುತ್ತಿದ್ದುದು ನನ್ನ ದಾದಾನಿಗೆ. ದಾದಾ ಎಂದರೆ ಅಪ್ಪನ ಅಪ್ಪ, ವೀಳ್ಯದೆಲೆ ವ್ಯಾಪಾರದ ಮಲ್ಲಿಕಸಾಬರು. ನಲವತ್ತು ವರ್ಷ ಅವರು ಮಾಳಿಗೆ ಮೇಲೆ ನಿಂತು ‘ಕಂಡಿತು’ ಎಂದರೆ ಮಸೀದಿಯವರು ಆ ಸಾಕ್ಷಿಯ ಮೇಲೇ ಈದ್ ಸಾರುತ್ತಿದ್ದರು, ಯಾರೂ ಮರುಮಾತಾಡುತ್ತಿರಲಿಲ್ಲ. ಹೋದ ವರ್ಷ ಮಾತ್ರ ಅವರೊಬ್ಬರಿಗೇ ಕಂಡಿತು, ಮತ್ತಾರಿಗೂ ಕಾಣಲಿಲ್ಲ. ಮುದುಕ ಸುಳ್ಳು ಸಾಕ್ಷಿ ಹೇಳುತ್ತಾನೆ ಎಂದು ಯಾರೋ ಬೆನ್ನ ಹಿಂದೆ ಆಡಿದ ಮಾತು ಮನೆಯವರೆಗೂ ಬಂತು. ದಾದಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

“ನುಜಹತ, ಈ ಸಲ ದುರ್ಬೀನು ತರೂಣು. ಅದರಾಗೂ ಕಾಣಲಿಲ್ಲಂದ್ರ ಇನ್ನ ಮುಂದ ಸಾಕ್ಷಿ ಹೇಳೂದು ಬಿಡ್ತೇನಿ” ಎಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಂಥ ಮಾತಿಗೇ ಕಾದು ಕೂತಿದ್ದೆ. ಚಂದ್ರನ ಫೋಟೋ ತೆಗೆಯಬೇಕೆಂಬ ನನ್ನ ಹುಚ್ಚೂ ತೀರುತ್ತಿತ್ತು. ಕೈಯಲ್ಲಿದ್ದುದು ಎಂಟು ಸಾವಿರ. ‘ಐನೂರು ಪಟ್ಟು ದೊಡ್ಡದು’ ಎಂದು ಡಬ್ಬಿ ತುಂಬ ಬರೆದುಕೊಂಡ ಒಂದನ್ನು ಆನ್‌ಲೈನಿನಲ್ಲಿ ಆರಿಸಿಯೂ ಇಟ್ಟಿದ್ದೆ. ಶಿಗ್ಗಾಂವಿಯ ರಾಘಣ್ಣ, ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು, ಅದನ್ನು ಹೇಳಿದ್ದಕ್ಕೆ ಫೋನಿನಲ್ಲೇ ಬೈದರು.

“ಆ ನಂಬರ ತಗೊಂಡು ಏನ್ ಮಾಡ್ತೀ? ಕನ್ನಡಿ ಎಷ್ಟು ಅಗಲ ಅದ, ಸ್ಟ್ಯಾಂಡು ಅಲ್ಲಾಡ್ತದೋ ಇಲ್ಲೋ, ಅದನ್ನ ನೋಡು. ನಂದೇ ಹಳೇದು ಒಂದು ಅದ. ಇಬ್ಬರೂ ಬರ್ರಿ.”

ಹೋದೆವು. ನಾಲ್ಕೂವರೆ ಇಂಚಿನ ಕನ್ನಡಿ, ಗಟ್ಟಿ ಮರದ ಪೀಠ, ಮೊಬೈಲ್ ಸಿಕ್ಕಿಸುವ ಹಿಡಿಕೆ. ದಾದಾ ಎಲೆ ಆರಿಸುವ ಹಾಗೆ ಕೊಳವೆಯ ಮೇಲೆಲ್ಲ ಬೆರಳಾಡಿಸಿ, “ಇದ ಇರಲಿ” ಎಂದರು. ಒಮ್ಮೆಯೂ ಅದರಲ್ಲಿ ಕಣ್ಣಿಟ್ಟು ನೋಡಲಿಲ್ಲ. ರಾಘಣ್ಣ ನನ್ನ ಮುಖ ನೋಡಿದರು. ನನಗೆ ಏನೂ ಹೊಳೆಯಲಿಲ್ಲ, ಅಷ್ಟು ಬುದ್ಧಿವಂತೆ ನಾನು.

ರಂಜಾನ್ ಉಪವಾಸದ ಇಪ್ಪತ್ತೊಂಬತ್ತನೇ ರೋಜಾ ಮುಗಿದ ಸಂಜೆ ಖರ್ಜೂರ ಬಾಯಿಗೆ ಹಾಕಿಕೊಂಡೇ ಮಾಳಿಗೆ ಹತ್ತಿದೆವು. ಮೊಬೈಲಿನ ಆ್ಯಪ್ ತೋರಿಸಿದ ಕಡೆಗೆ ದುರ್ಬೀನು ತಿರುಗಿಸಿ, ನಾನು ಚೀಲದಲ್ಲಿ ಹಿಡಿಕೆ ಹುಡುಕುತ್ತಿದ್ದೆ. ಬರಿಗಣ್ಣಿಗೆ ಪಡುವಣದಲ್ಲಿ ಬರೀ ಧೂಳಿನ ಬಣ್ಣ. ದಾದಾ ಆಗಲೇ ಕಣ್ಣು ಹಚ್ಚಿದ್ದರು.

“ಬಂತು! ಬೋರಲ ಹಾಕಿದ ಬಟ್ಟಲದಂಗ ಐತಿ, ಕೋಡು ಕೆಳಗ. ನಡುವ ಅಡ್ಡ ಒಂದು ಕರೇ ಗೀಟು.”

ಖುಷಿಯಿಂದ ಓಡಿಬಂದವಳು ಅಲ್ಲೇ ನಿಂತೆ. ಕೊಳವೆಯ ಬಾಯಿಗೆ ಮುಚ್ಚಳ ಹಾಗೇ ಇತ್ತು. ತೆಗೆಯಲು ನಾನೇ ಮರೆತಿದ್ದೆ.

ಹೋದ ವರ್ಷವೂ ಹೀಗೇ ಕಾಣದ್ದನ್ನು ಕಂಡಿತು ಅಂದಿರಬೇಕು ಅನ್ನಿಸಿತು. ಈದ್ ಚಾಂದದ ಕೋಡು ಮೇಲಿರುತ್ತದೆ, ಅದು ಚಿಕ್ಕ ಮಕ್ಕಳಿಗೂ ಗೊತ್ತು. ಸದ್ದಿಲ್ಲದೆ ಮುಚ್ಚಳ ತೆಗೆದೆ. “ಒಂಚೂರು ಸರೀರಿ ದಾದಾ” ಎಂದು ನಾನೇ ನೋಡಿದೆ.

ಚಾಂದ ಇತ್ತು. ಕೂದಲೆಳೆಯಷ್ಟು ತೆಳ್ಳಗೆ, ಬೋರಲಾಗಿ, ಕೋಡು ಕೆಳಗೆ. ಈ ಬಗೆಯ ದುರ್ಬೀನು ಎಲ್ಲವನ್ನೂ ತಲೆಕೆಳಗೆ ತೋರಿಸುತ್ತದೆ. ಅದನ್ನು ನಾನು ದಾದಾನಿಗೆ ಹೇಳಿರಲಿಲ್ಲ. ನಡುವೆ ಕೇಬಲ್ ತಂತಿಯ ಕರಿ ಗೀಟೂ ಇತ್ತು. ಮುಚ್ಚಳ ಇದ್ದಾಗಲೇ ದಾದಾ ಇದನ್ನೆಲ್ಲ ಹೇಳಿದ್ದರು.

“ಈಗ ನೋಡ್ರಿ” ಅಂದೆ. ದಾದಾ ಮತ್ತೆ ಕಣ್ಣು ಹಚ್ಚಿದರು.

“ಯಾಕ ಮುಚ್ಚಿದಿ, ನುಜಹತ?”

ಅವರ ಕೈ ಕೊಳವೆಯ ಬಾಯಿಯವರೆಗೆ ಸರಿಯಿತು, ಬೆರಳು ಒಳಗೆ ಇಳಿದವು. ಮುಚ್ಚಿಲ್ಲ ಎಂದು ತಿಳಿದ ಆ ಕೈ ಹಾಗೇ ನಿಂತಿತು. ನನ್ನ ಕಡೆ ತಿರುಗಿದರು, ಆದರೆ ಅವರ ನೋಟ ನನ್ನ ಕಿವಿಯ ಪಕ್ಕದಿಂದ ಎಲ್ಲೋ ಹೋಯಿತು. ಮೆಟ್ಟಿಲು ಹತ್ತುವುದು, ಎಲೆ ಎಣಿಸುವುದು ಎಲ್ಲ ರೂಢಿಯ ಮೇಲೆ ನಡೆದಿತ್ತು. ದಾದಾನಿಗೆ ಕಣ್ಣೇ ಕಾಣುವುದಿಲ್ಲ ಎಂಬುದು, ಒಂದೇ ಮನೆಯಲ್ಲಿ ಉಣ್ಣುವ ನನಗೆ, ಆಗ ಗೊತ್ತಾಯಿತು. ನಾಚಿಕೆಯಿಂದ ಅಳು ಬಂತು.

ಕೆಳಗೆ ಓಣಿಯಿಂದ ನೆರೆಮನೆಯ ಕರೀಮಸಾಬ ಕೂಗಿದ. “ಮಲ್ಲಿಕಸಾಬ್ರ, ಕಂಡಿತೇನ್ರಿ? ಮಸೀದಿಯಾಗ ಕೇಳಾಕತ್ತಾರ!”

‘ಕಂಡಿತು’ ಅಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವರು ಹಾಗೇ ಅನ್ನಲಿ ಎಂದೇ ನನಗೂ ಇತ್ತು.

“ನನಗ ಕಾಣಲಿಲ್ಲಪಾ” ಎಂದರು ದಾದಾ. “ನನ್ನ ಮೊಮ್ಮಗಳು ನೋಡ್ಯಾಳ. ಇನ್ನ ಮುಂದ ಅಕೀನ್ನ ಕೇಳ್ರಿ.”

ಕರೀಮಸಾಬನ ಚಪ್ಪಲಿಯ ಸದ್ದು ಮಸೀದಿಯ ಕಡೆ ಓಡಿತು. ದಾದಾ ತಡವರಿಸಿ ದುರ್ಬೀನು ಹಿಡಿದುಕೊಂಡು, ಮತ್ತೆ ಅದರ ಮೇಲೆ ಬಾಗಿ ಮೆಲ್ಲಗೆ ಅಂದರು.

“ಆ ಮುಚ್ಚಳ ಹಾಕ ಬೇಟಾ. ಇನ್ನೊಮ್ಮೆ ನೋಡ್ತೇನಿ.”