ಊಟದ ಹೊತ್ತಿಗೆ ಏಳುವ ಲ್ಯಾಪ್‌ಟಾಪ್

ತಾನಾಗಿಯೇ ನಿದ್ದೆಯಿಂದ ಏಳುವ ಲ್ಯಾಪ್‌ಟಾಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನ ಸಲ ಅದು ಮೌಸ್‌ನ ಕಿತಾಪತಿ. ಬೀದಿಯಲ್ಲಿ ಲಾರಿ ಹೋಗುತ್ತದೆ, ಮೇಜು ಅಲುಗುತ್ತದೆ, ಮೌಸ್ ಕೂದಲೆಳೆಯಷ್ಟು ಸರಿಯುತ್ತದೆ, ಯಾರೋ ಕರೆದರೆಂದು ಯಂತ್ರ ಗಡಬಡಿಸಿ ಕಣ್ಣು ಬಿಡುತ್ತದೆ. ಕೆಲವೊಮ್ಮೆ ಒಳಗೆ ಯಾವುದೋ ಅಲಾರಂ ಇಟ್ಟು ಮರೆತಿರುತ್ತಾರೆ. ದೆವ್ವ ಎಬ್ಬಿಸಿದ ಯಂತ್ರ ಮಾತ್ರ ಈವರೆಗೆ ನನ್ನ ಕೈಗೆ ಸಿಕ್ಕಿಲ್ಲ. ಹಾಗಂತ ನಮ್ಮ ತೈನಾನ್ ಊರಿನ ಬೇರೆ ರಿಪೇರಿ ಅಂಗಡಿಗಳಲ್ಲಿರುವಂತೆ ನನ್ನ ಮೇಜಿನ ಮೇಲೂ ಜೋಳದ ಕುರುಕಲಿನ ಹಸಿರು ಪೊಟ್ಟಣ ಇದ್ದೇ ಇದೆ, ಯಂತ್ರಗಳು ಹೇಳಿದ ಮಾತು ಕೇಳಲಿ ಅಂತ; ಆ ತಿಂಡಿಯ ಹೆಸರಿನ ಅರ್ಥವೇ 'ಜಾಣ, ಜಾಣ'. ಅದು ನಂಬಿಕೆಯೇನಲ್ಲ, ಅಭ್ಯಾಸ.

ಸಿಯೂಗಿಮ್ ಅಕ್ಕ ನನ್ನ ಅಂಗಡಿಗೆ ಬಂದದ್ದು ಚಾಂದ್ರಮಾನದ ಏಳನೇ ತಿಂಗಳಲ್ಲಿ, ಸತ್ತವರಿಗೆ ಬಾಗಿಲು ತೆರೆದಿರುವ ತಿಂಗಳಲ್ಲಿ. ಹಿಂದಿನ ಓಣಿಯಲ್ಲಿ ಅವಳ ಗಂಡ ತಿಯಾನ್‌ಹೊಕ್‌ನ ಹಾರ್ಡ್‌ವೇರ್ ಅಂಗಡಿ. ನನ್ನ ಸ್ಕ್ರೂಗಳೆಲ್ಲ ಅಲ್ಲಿಯವೇ. ಲ್ಯಾಪ್‌ಟಾಪನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ತಂದಿದ್ದಳು.

"ಇದು ಪೆಯ್‌ರೂದು ತಂಗಿ. ಫೋಟೋ ನೋಡೋಣ ಅಂತ ಈ ತಿಂಗಳು ಆನ್ ಮಾಡಿದೆ, ಅವತ್ತಿಂದ ದಿನಾ ಸಂಜೆ ತಾನೇ ಎದ್ದು ಕೂರುತ್ತೆ."

ಪೆಯ್‌ರೂ ಅವಳ ಒಬ್ಬಳೇ ಮಗಳು. ಮನೆಯಲ್ಲೇ ಕೂತು ಧಾರಾವಾಹಿಗಳ ಮಾತು ಕೇಳಿ ಪರದೆಯ ಕೆಳಗೆ ಅಕ್ಷರ ಹಾಕುವ ಕೆಲಸ ಮಾಡುತ್ತಿದ್ದಳು. ವಸಂತದಲ್ಲಿ ರಕ್ತದ ಕಾಯಿಲೆ ಬಂದು ನೋಡನೋಡುತ್ತಲೇ ಹೋಗಿಬಿಟ್ಟಳು. ಸಾವಿಗೆ ನಾನೂ ಹೋಗಿದ್ದೆ.

"ಎದ್ದು ಏನ್ ಮಾಡುತ್ತೆ ಅಕ್ಕ?"

"ಏನಿಲ್ಲ. ಬೆಳಕಾಗುತ್ತೆ, ಒಳಗೆ ಗಾಳಿ ಸುಯ್ ಅನ್ನುತ್ತೆ. ಸ್ವಲ್ಪ ಹೊತ್ತು ಇದ್ದು ಮತ್ತೆ ಮಲಗುತ್ತೆ. ಅವಳು ಬಂದು ಕೂತು ಹೋಗ್ತಾಳೆ."

ನಾನು ಏನೋ ಒರಟಾಗಿ ಹೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಸ್ವಲ್ಪ ಜೀವ ಕಂಡಿತ್ತು. ಯಂತ್ರ ಕೆಟ್ಟಿದೆ ಎಂದು ಬಂದವಳಲ್ಲ ಅವಳು, ಕೆಟ್ಟಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಲು ಬಂದಿದ್ದಳು.

ಗಂಡ ಹೆಂಡತಿ ನಡುವೆ ಈ ಯಂತ್ರದ ಮೇಲೆ ಒಂದು ಒಪ್ಪಂದವಾಗಿತ್ತು, ಅದರ ಬೇರು ಮಾತ್ರ ಬೇರೆ ಕಡೆ ಇತ್ತು. ಮದುವೆಯಾಗದೆ ಸತ್ತ ಹೆಣ್ಣುಮಗಳಿಗೆ ನಮ್ಮಲ್ಲಿ ಅಪ್ಪನ ಮನೆಯ ಹಿರಿಯರ ಪೀಠದಲ್ಲಿ ಜಾಗವಿಲ್ಲ. ಅವಳು ಸೇರಬೇಕಾದದ್ದು ಗಂಡನ ಮನೆಯ ಸಾಲಿಗೆ, ಆ ಗಂಡನೇ ಇಲ್ಲ. ಹಾಗಾಗಿ ಪೆಯ್‌ರೂಳ ಹೆಸರು ಕೆತ್ತಿದ, ಅವಳ ಆತ್ಮ ನೆಲೆಸುವ ಹಲಗೆಯನ್ನು ಊರಾಚೆಯ ಕನ್ಯೆಯರ ಗುಡಿಯಲ್ಲಿ, ಗುರುತು ಪರಿಚಯವಿಲ್ಲದ ಹುಡುಗಿಯರ ಹಲಗೆಗಳ ನಡುವೆ ಇಟ್ಟು ಬಂದಿದ್ದರು. ಮನೆಯಲ್ಲಿ ಅವಳಿಗೆ ಹೊತ್ತು ಹೊತ್ತಿಗೆ ಅನ್ನದ ಬಟ್ಟಲಿಟ್ಟು ಊಟಕ್ಕೆ ಕರೆಯುವುದೂ ಆಗಲಿಲ್ಲ. ತನ್ನ ಅಣ್ಣಂದಿರ ಮುಂದೆ ನಿಂತು ಹಲಗೆ ಮನೆಗೆ ಬೇಡವೆಂದವನು ತಿಯಾನ್‌ಹೊಕ್‌ನೇ. ನನಗೂ ಮದುವೆಯಾಗಿಲ್ಲ. ಈ ಕಟ್ಟಳೆಯ ಬಗ್ಗೆ ನನ್ನ ಅಭಿಪ್ರಾಯ ಏನೆಂದು ಯಾರೂ ಕೇಳಿಲ್ಲ, ಕೇಳಿದರೆ ಅವರ ಕಿವಿಗೇ ಕಷ್ಟ.

"ಪೀಠದ ಮುಂದೆ ನಿಂತು ಕೇಳಿದೆ ತಂಗಿ, ಬರ್ತಿರೋದು ನೀನೇನಾ ಅಂತ. ಅರ್ಧಚಂದ್ರದ ಹಾಗಿರೋ ಎರಡು ಮರದ ತುಂಡು ಎಸೆದೆ. ಒಂದು ಅಂಗಾತ, ಒಂದು ಮಗುಚಿ ಬಿತ್ತು, ಅಂದ್ರೆ ಹೌದು. ಮತ್ತೆ ಎಸೆದೆ, ಮತ್ತೆ ಹೌದು. ಮೂರನೇ ಸಲಾನೂ ಹೌದು. ಅವಳು ಮನೆಗೆ ಬರಬೇಕು ಅಂತಾಳೆ."

"ತಿಯಾನ್‌ಹೊಕ್ ಅಣ್ಣ ಏನಂದ್ರು?"

"ಯಂತ್ರಕ್ಕೆ ರೋಗ ಬಂದಿದೆ ಅಂದ್ರು. ನಿನ್ನ ಹತ್ರ ತೋರ್ಸು, ರೋಗ ಅಂತಾದ್ರೆ ಹಲಗೆ ಮಾತು ಇನ್ನು ಎತ್ತಕೂಡದು, ಇಲ್ಲಾಂದ್ರೆ ತಾನೇ ಹೋಗಿ ತರ್ತೀನಿ ಅಂದ್ರು. ಪೀಠದ ಮುಂದೆ ನಿಂತು ಹೇಳಿದಾರೆ, ಈಗ ಹಿಂದೆ ಸರಿಯೋ ಹಾಗಿಲ್ಲ."

ಇಂಥ ಪಂಚಾಯಿತಿಗೆ ನನ್ನನ್ನು ಕೂರಿಸಿದ್ದಕ್ಕೆ ಇಬ್ಬರ ಮೇಲೂ ಸಿಟ್ಟು ಬಂತು. ಆದರೂ ಲ್ಯಾಪ್‌ಟಾಪ್ ಇಟ್ಟುಕೊಂಡೆ.

ಅಂಗಡಿಯಲ್ಲಿ ಅದು ಗೊರಕೆಯೊಂದು ಬಿಟ್ಟು ಚೆನ್ನಾಗಿಯೇ ನಿದ್ದೆ ಮಾಡಿತು. ಮುಚ್ಚಳ ಅಲುಗಿಸಿದೆ, ಕೀಲಿಮಣೆ ತಟ್ಟಿದೆ, ಬೇರೆ ಮೌಸ್ ಸಿಕ್ಕಿಸಿದೆ, ಬ್ಯಾಟರಿ ಬಿಚ್ಚಿ ನೋಡಿದೆ. ಬ್ಯಾಟರಿ ಹಳತು, ಅಷ್ಟೇ. ಸಂಜೆಗಳು ಬಂದುಹೋದವು, ಅದು ಕಣ್ಣು ಬಿಡಲಿಲ್ಲ. ಒಳಗೆ ಹೋಗಿ ನೋಡೋಣವೆಂದರೆ ಪಾಸ್‌ವರ್ಡ್ ಬೇಕು. ತಪ್ಪು ಒತ್ತಿದಾಗ ಕೆಳಗೊಂದು ಸುಳಿವು ಬಂತು: 'ಅಮ್ಮ ನನ್ನನ್ನು ಬೈಯುವುದು'. ಮಗಳನ್ನು ಏನೆಂದು ಬೈಯುತ್ತಿದ್ದೆ ಎಂದು ಆ ತಾಯಿಯನ್ನು ಫೋನಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಯಂತ್ರ ವಾಪಸ್ ಕೊಟ್ಟು ಕಳಿಸಿದೆ. ಅದೇ ಸಂಜೆ ಅವಳ ಫೋನ್ ಬಂತು.

"ಎದ್ದಳು ತಂಗಿ! ನಿನ್ನ ಅಂಗಡೀಲಿ ಯಾಕೆ ಏಳ್ತಾಳೆ, ಅದೇನು ಅವಳ ಮನೇನಾ?"

ಖುಷಿಯಲ್ಲಿ ಅವಳು ಫೋನಿನಲ್ಲೇ ಕೂಗಾಡುತ್ತಿದ್ದಳು. ನನಗೆ ಆ ಖುಷಿ ಕೇಳಿ ಭಯವಾಯಿತು.

ಮಾರನೆಯ ಮಧ್ಯಾಹ್ನ ಅವರ ಮನೆಗೆ ಹೋದೆ; ಮನೆಯ ಕೆಳಭಾಗವೇ ಅಂಗಡಿ, ಅದರ ಹಿಂದೆ ಅಡುಗೆಮನೆ. ತಿಯಾನ್‌ಹೊಕ್ ಗಲ್ಲಾಪೆಟ್ಟಿಗೆಯ ಪಕ್ಕದ ಹಳೆಯ ಕಂಪ್ಯೂಟರ್ ಮುಂದೆ ಬಿಲ್ ಬರೆಯುತ್ತಿದ್ದವನು ಕನ್ನಡಕದ ಮೇಲಿನಿಂದ ನೋಡಿದ.

"ಬಾರಮ್ಮ ಮಂತ್ರವಾದಿ. ಕೋಳಿ ಬೇಕಾ, ಬರೀ ಊದುಬತ್ತಿ ಸಾಕಾ?"

"ನಿಮ್ಮ ಅಂಗಡಿ ಸ್ಕ್ರೂ ನೆಟ್ಟಗಿದ್ದಿದ್ರೆ ಯಾವ ಮಂತ್ರಾನೂ ಬೇಕಾಗ್ತಿರಲಿಲ್ಲ ಅಣ್ಣ."

"ರೋಗ ಅಂತ ಬೇಗ ಹೇಳಿ ಮುಗಿಸಮ್ಮ," ಎಂದ, ಈ ಸಲ ಮೆಲ್ಲಗೆ. "ಅವಳು ರಾತ್ರಿ ನಿದ್ದೆ ಮಾಡ್ತಿಲ್ಲ."

ಮೇಲಿನ ಮಹಡಿಯಲ್ಲಿ ಪೆಯ್‌ರೂಳ ಕೋಣೆ ಇದ್ದಂತೆಯೇ ಇತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ತಟ್ಟೆಯಲ್ಲಿ ಹೆಚ್ಚಿಟ್ಟ ಸೇಬು. ಗೋಡೆಯಿಂದ ಬಂದ ನೆಟ್‌ವರ್ಕ್ ತಂತಿಯೊಂದನ್ನು ಲ್ಯಾಪ್‌ಟಾಪಿಗೆ ಚುಚ್ಚಿದ್ದರು. ನನ್ನ ಅಂಗಡಿಯಲ್ಲಿ ಈ ತಂತಿ ಇರಲಿಲ್ಲ. ಕಾರಣದ ವಾಸನೆ ನನ್ನ ಮೂಗಿಗೆ ಬಡಿಯಿತು.

"ಅಕ್ಕ, ಪೆಯ್‌ರೂನ ಏನಂತ ಬೈತಿದ್ರಿ?"

ಅವಳು ನೆಲ ನೋಡಿದಳು. "ಸೋಮಾರಿ ಹಂದಿ."

ಅದನ್ನೇ ಒತ್ತಿದೆ. ಬೀಗ ತೆರೆಯಿತು. ಸಿಯೂಗಿಮ್ ಅಕ್ಕ ಬಾಯಿಗೆ ಏಪ್ರನ್ನಿನ ತುದಿ ಒತ್ತಿಕೊಂಡು ಅತ್ತಳು. ನಾನು ಅವಳ ಕಡೆ ತಿರುಗದೆ ಕೆಲಸ ಮಾಡಿದೆ. ಈ ಯಂತ್ರಗಳನ್ನು ಒಂದು ಪ್ರಶ್ನೆ ಕೇಳಬಹುದು: ನಿನ್ನನ್ನು ಕೊನೆಯ ಸಲ ಎಬ್ಬಿಸಿದ್ದು ಯಾರು? ಬೇರೆ ಏನು ಸುಳ್ಳು ಹೇಳಿದರೂ ಈ ಮಾತಿಗೆ ಅವು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತವೆ. ಕೇಳಿದೆ. ಮೌಸ್ ಅಲ್ಲ, ಅಲಾರಂ ಅಲ್ಲ, ಆ ತಂತಿ.

"ಏನಂತೆ?" ಎಂದಳು.

"ಆ ತಂತಿಯ ಕಡೆಯಿಂದ ಯಾರೋ ಕರೀತಿದಾರೆ."

"ಅವಳೇ."

ಅಲ್ಲ ಎನ್ನಬೇಕಿತ್ತು. ಆ ಹೊತ್ತಿಗೇ ಇದು ರೋಗ ಅಂತ ಒಂದು ಸುಳ್ಳು ಹೇಳಿ ತಂತಿ ಕಿತ್ತುಕೊಂಡು ಹೋಗಿದ್ದರೂ ಆಗುತ್ತಿತ್ತು. ಆದರೆ ಕಾರಣ ತಿಳಿಯದೆ ಏಳುವ ಜಾಯಮಾನ ನನ್ನದಲ್ಲ. ಯಂತ್ರ ಪದೇ ಪದೇ ಪಾಸ್‌ವರ್ಡ್ ಕೇಳದ ಹಾಗೆ ಮಾಡಿ, ಅದನ್ನು ಮಲಗಿಸಿ, ಇಬ್ಬರೂ ಮಂಚದ ಮೇಲೆ ಕೂತು ಕಾದೆವು. ಸಿಯೂಗಿಮ್ ಅಕ್ಕ ನನಗೊಂದು ಹೋಳು ಸೇಬು ಕೊಡಲು ಹೋಗಿ, ಅದು ಮಗಳದೆಂದು ನೆನಪಾಗಿ, ಕೈ ಹಿಂದೆಳೆದುಕೊಂಡಳು. ದಿನಾ ಈ ಹೊತ್ತಿಗೆ ಇಲ್ಲಿ ಕೂತು ಪಕ್ಕದ ಮನೆಯ ನಾಯಿ ಮರಿ ಹಾಕಿದ್ದು, ಹೂಕೋಸು ತುಟ್ಟಿಯಾದದ್ದು, ಎಲ್ಲ ಮಗಳಿಗೆ ಹೇಳುತ್ತೇನೆ ಎಂದಳು. ಬದುಕಿದ್ದಾಗ ಇಷ್ಟು ಮಾತು ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತೇ ಇರಲಿಲ್ಲವಂತೆ.

ಹೊರಗೆ ಬೆಳಕು ಕುಂದಿತು. ಕೆಳಗಿನ ಅಡುಗೆಮನೆಯಿಂದ ಶುಂಠಿ ಹಾಕಿದ ಮೀನಿನ ಸಾರಿನ ವಾಸನೆ ಮೆಟ್ಟಿಲೇರಿ ಬಂತು. ಆ ಮನೆಯಲ್ಲಿ ಸಂಜೆಯ ಅಡುಗೆ ತಿಯಾನ್‌ಹೊಕ್‌ನದು. ಆಗ ಲ್ಯಾಪ್‌ಟಾಪ್ ಸುಯ್ ಎಂದಿತು, ಪರದೆ ಬೆಳಗಿತು.

"ನೋಡು! ನೋಡು ತಂಗಿ!"

ಅಷ್ಟರಲ್ಲಿ, ಇಷ್ಟು ದಿನ ಕೇಳದ ಒಂದು ಸದ್ದೂ ಬಂತು. ಟಿಣ್. ಪರದೆಯ ಮಧ್ಯದಲ್ಲಿ ಹಳದಿ ಚೌಕವೊಂದು ಮೂಡಿತು. ಪೆಯ್‌ರೂ ತನಗೇ ಬರೆದಿಟ್ಟುಕೊಂಡಿದ್ದ ಮಾತು: 'ಅಪ್ಪ ಕರೀತಿದಾನೆ. ಸಾರು ಆರುತ್ತೆ. ಕೆಳಗೆ ಇಳಿ.'

ಸಿಯೂಗಿಮ್ ಅಕ್ಕ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಎದ್ದು ಹೋಗಿ ಮೆಟ್ಟಿಲ ತಲೆಯಲ್ಲಿ ನಿಂತಳು.

"ರೀ, ಈಗ ಏನ್ ಮಾಡಿದ್ರಿ?"

"ಏನ್ ಮಾಡ್ದೆ? ಸಾರು ಇಳಿಸ್ದೆ."

"ಸಾರು ಇಳಿಸಿ?"

ಭಾರವಾದ ಹೆಜ್ಜೆಗಳು ಮೇಲೆ ಬಂದವು. ಹೆಗಲ ಮೇಲೆ ಅಡುಗೆಮನೆಯ ವಸ್ತ್ರ ಹಾಕಿಕೊಂಡ ತಿಯಾನ್‌ಹೊಕ್ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಪರದೆಯ ಮೇಲಿನ ಹಳದಿ ಚೌಕ ನೋಡಿದ.

"ಅದು ಇಲ್ಲಿ ಹೀಗೆ ಬರುತ್ತಾ?" ಎಂದ.

ಅವನೇ ಹೇಳಿದ. ಪೆಯ್‌ರೂ ಕಿವಿಗೆ ಆ ದೊಡ್ಡ ಹೆಡ್‌ಫೋನ್ ಏರಿಸಿ ಕೂತರೆ ಕೆಳಗಿನಿಂದ ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅಪ್ಪನ ಗಂಟಲು ಹರಿಯುವುದು ಬೇಡವೆಂದು ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಗುಂಡಿ ಮಾಡಿಕೊಟ್ಟಿದ್ದಳು. ಅಡುಗೆಯಾದ ಮೇಲೆ ಒತ್ತುವುದು, ಅವಳು ಇಳಿದು ಬರುವುದು.

"ಈಗಲೂ ಒತ್ತುತೀರಾ?" ಸಿಯೂಗಿಮ್ ಅಕ್ಕನ ಧ್ವನಿ ತೀರಾ ಸಣ್ಣದಾಗಿತ್ತು.

"ಕೈ ಹೋಗುತ್ತೆ ಕಣೆ. ಅನ್ನ ಆಯ್ತು ಅನ್ನುತ್ಲೂ ಕೈ ಹೋಗುತ್ತೆ."

"ದಿನಾ?"

"ದಿನಾ." ಅವನು ನನ್ನ ಕಡೆ ತಿರುಗಿದ. "ಮಲಗಿರೋ ಯಂತ್ರಕ್ಕೆ ಕೇಳಿಸಲ್ಲ ಅಂದ್ಕೊಂಡಿದ್ದೆ ಕಣಮ್ಮ. ಯಾರಿಗೂ ತಲುಪಲ್ಲ, ಒತ್ತಿದ್ರೆ ಏನಂತೆ ಅಂದ್ಕೊಂಡಿದ್ದೆ."

"ಮಲಗಿದ್ರೂ ಎಬ್ಬಿಸೋ ಹಾಗೆ ಮಾಡಿಟ್ಟಿದಾಳೆ ಅಣ್ಣ. ಮೊದಲು ಇದು ಪೂರ್ತಿ ಆರಿತ್ತು. ಅಕ್ಕ ಫೋಟೋ ನೋಡೋಣ ಅಂತ ಈ ತಿಂಗಳು ಆನ್ ಮಾಡಿದ್ರಲ್ಲ, ಆವಾಗಿಂದ ನಿಮ್ಮ ಕರೆ ಇದಕ್ಕೆ ತಲುಪ್ತಿದೆ. ಮಾತು ಮಾತ್ರ ಪಾಸ್‌ವರ್ಡ್ ಹಿಂದೆ ಇತ್ತು. ನಾನು ಇವತ್ತು ಬೀಗ ತೆಗೆದೆ, ಅದೂ ಬಂತು."

ಇಷ್ಟು ಹೇಳಿ ನನ್ನ ನಾಲಿಗೆ ಕಚ್ಚಿಕೊಂಡೆ. ಯಂತ್ರಕ್ಕೆ ರೋಗವಿರಲಿಲ್ಲ. ದೆವ್ವವೂ ಇರಲಿಲ್ಲ. ಪೀಠದ ಮುಂದೆ ಅನ್ನದ ಬಟ್ಟಲಿಡಕೂಡದೆಂದು ಹಟ ಹಿಡಿದವನೇ ತಿಂಗಳುಗಟ್ಟಲೆ ಮಗಳನ್ನು ಊಟಕ್ಕೆ ಕರೆದಿದ್ದ. ಅದರ ಬೆಳಕನ್ನು ಮಗಳೆಂದುಕೊಂಡು ಮೇಲೆ ತಾಯಿ ಕೂತಿದ್ದಳು. ಒಂದೇ ಮನೆ, ನಡುವೆ ಒಂದು ಮೆಟ್ಟಿಲು, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನನಗೆ ಸಂಕಟವಾಯಿತು. ಅವರ ಮೇಲೆ, ನನ್ನ ಮೇಲೆ, ಇಂಥ ಹುಡುಗಿಗೆ ಮನೆಯಲ್ಲಿ ಒಂದು ಮೂಲೆ ಕೊಡದ ನಮ್ಮ ಕಟ್ಟಳೆಯ ಮೇಲೆ ಸಿಟ್ಟೂ ಬಂತು.

ತಿಯಾನ್‌ಹೊಕ್ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದ.

"ನಾಳೆ ಬೆಳಿಗ್ಗೆ ಗುಡಿಗೆ ಹೋಗೋಣ," ಎಂದ. "ಕರ್ಕೊಂಡು ಬಂದುಬಿಡೋಣ. ಅಣ್ಣಂದಿರು ಏನಾದ್ರೂ ಅಂದ್ಕೊಳ್ಳಲಿ. ನಾನೇ ಎತ್ತಿಕೊಂಡು ಬರ್ತೀನಿ."

ಅವನ ಬಾಯಿಂದ ಈ ಮಾತು ಬರಲೆಂದೇ ಅಲ್ಲವೇ ಅವಳು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತಂದದ್ದು. ನಾನು ಅವಳ ಮುಖ ನೋಡಿದೆ. ಅಂಗಡಿಗೆ ಬಂದ ದಿನ ಕಂಡ ಜೀವ ಅಲ್ಲಿರಲಿಲ್ಲ.

"ಯಾರನ್ನ ತರ್ತೀರಿ?" ಎಂದಳು.

"ಪೆಯ್‌ರೂನ."

"ದಿನಾ ಸೇಬು ಹೆಚ್ಚಿಟ್ಟೆ. ದಿನಾ ಮಾತಾಡ್ದೆ. ಬಂದ್ಲು ಅಂತ ಬಾಗಿಲ ಹತ್ರ ಚಪ್ಪಲಿ ಇಟ್ಟೆ." ಅವಳು ಅಳುತ್ತಿರಲಿಲ್ಲ. "ಅವಳು ಒಂದು ದಿನಾನೂ ಬಂದಿಲ್ಲ. ಈಗ ಹೋಗಿ ತಂದ್ರೆ ಒಂದು ಹಲಗೆ ಬರುತ್ತೆ."

"ಸಿಯೂಗಿಮ್, ನಾನು ತರ್ತೀನಿ ಅಂತಿದೀನಲ್ಲೇ..."

"ಬೇಡ. ಇಷ್ಟು ದಿನ ಈ ಬೆಳಕಾಗಿ ಇಲ್ಲಿಗೆ ಬರ್ತಿದ್ದೋರು ನೀವು," ಎಂದಳು ಅವಳು. "ನೀವು ಮನೇಲೇ ಇದೀರಲ್ಲ."